ಅಣ್ಣನ ಹೆಸರಿನಲ್ಲಿ ಒಂದು ಆಟದ ದಿನ

ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯಲು ಅಣ್ಣನ ಬಳಿ ಒಂದು ಹಳೆಯ ಹಾಲಿನಪುಡಿ ಡಬ್ಬಿ ಇತ್ತು. ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಸುಣ್ಣದ ಪುಡಿ ತುಂಬಿ, ಬಿಗಿಯಾಗಿ ಎಳೆದು ಕಟ್ಟಿದ ತೆಂಗಿನ ನಾರಿನ ಹಗ್ಗದುದ್ದಕ್ಕೂ ಮೆಲ್ಲಗೆ ಕುಟ್ಟುತ್ತ ಹೋಗುತ್ತಿದ್ದರು. 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಗೆರೆಯೂ ಸೊಟ್ಟಗಾಗುತ್ತಿರಲಿಲ್ಲ. ಊರಿನ ತಂಡದಲ್ಲಿ ಅವರು ಎಡ ಮೂಲೆಯ ಹಿಡಿತಗಾರ. ಆಡುವ ವಯಸ್ಸು ಕಳೆದ ಮೇಲೆ ತೀರ್ಪುಗಾರ. ಕೊನೆಯ ಎರಡು ವರ್ಷ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಎರಡು ಸಲ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಕ್ಲಬ್ಬಿನ ನಾವೆಲ್ಲ ಸೇರಿ ಅವರ ಹೆಸರಿನಲ್ಲಿ ಒಂದು ಪಂದ್ಯಾಟ ಮಾಡಿ, ಉಳಿದ ಹಣವನ್ನು ಸಹಾಯಧನವಾಗಿ ಕೊಡೋಣ ಎಂದುಕೊಂಡೆವು.

ಕರಾವಳಿಯಲ್ಲಿ ಇದು ಹೊಸತೇನಲ್ಲ. ದೀಪಾವಳಿ ಕಳೆದು ಗದ್ದೆ ಒಣಗಿತೆಂದರೆ ಮಳೆಗಾಲದವರೆಗೆ ಪ್ರತಿ ಭಾನುವಾರ ಎಲ್ಲಾದರೊಂದು ಕಡೆ ‘ದಿವಂಗತರ ಸ್ಮರಣಾರ್ಥ’ ಎಂಬ ಬ್ಯಾನರ್ ಏರಿರುತ್ತದೆ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ. ಆಟಿ ತಿಂಗಳಲ್ಲಿ ಕೆಸರುಗದ್ದೆ ಕ್ರೀಡಾಕೂಟ. ಪಕ್ಕದ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದಿತ್ತು. ಅಲ್ಲಿ ಪ್ರತಿ ವರ್ಷ ಒಂದು ಕುಟುಂಬ ಹೊಣೆ ಹೊರುತ್ತದೆ, ಕಪ್ ಆ ಮನೆತನದ ಹೆಸರಿನಲ್ಲೇ ನಡೆಯುತ್ತದೆ. ಹೆಸರನ್ನು ಉಳಿಸಿಕೊಳ್ಳಲು ಮೈದಾನಕ್ಕಿಂತ ಒಳ್ಳೆಯ ಜಾಗ ನಮ್ಮ ಊರುಗಳಲ್ಲಿ ಕಡಿಮೆ.

ಆದರೆ ಮೊದಲ ವರ್ಷ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ಆಳೆತ್ತರದ ಟ್ರೋಫಿ, ನಗದು ಬಹುಮಾನ, ಧ್ವನಿವರ್ಧಕ, ದೀಪಾಲಂಕಾರ, ಅತಿಥಿಗಳಿಗೆ ಶಾಲು, ಹಾರ, ಸ್ಮರಣಿಕೆ. ಎಲ್ಲ ಮುಗಿಸಿ ಲೆಕ್ಕ ಕೂಡಿದಾಗ ಸಹಾಯಧನಕ್ಕೆ ಉಳಿದದ್ದು ಟ್ರೋಫಿಗಳ ಬೆಲೆಗಿಂತ ಕಡಿಮೆ. ಆ ಲೆಕ್ಕದ ಚೀಟಿ ಕೈಯಲ್ಲಿ ಹಿಡಿದು ಅತ್ತಿಗೆಯ ಮುಂದೆ ನಿಂತದ್ದು ಇಂದಿಗೂ ನನಗೆ ನೆನಪಿದೆ. ಅವರು ಏನೂ ಅನ್ನಲಿಲ್ಲ. ಚಹಾ ಕೊಟ್ಟರು. ನಿಮ್ಮ ಕ್ಲಬ್ಬಿಗೆ ಆ ದಿನ ಬಾರದಿರಲಿ ಎಂದು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮನೆಗೆ ಹೋಗಿ

ಸಮಿತಿ ಮಾಡುವ ಮೊದಲು, ದಿನಾಂಕ ನೋಡುವ ಮೊದಲು ಮನೆಯವರನ್ನು ಕೇಳಬೇಕು. ಕೆಲವರಿಗೆ ಇದು ಸಮಾಧಾನ ತರುತ್ತದೆ; ಕೆಲವರಿಗೆ ಮೈಕಿನಲ್ಲಿ ಆ ಹೆಸರು ಕೇಳುವುದೇ ಸಂಕಟ. ವರ್ಷಾಂತ ಕಳೆಯದೆ ಬೇಡ ಎನ್ನುವವರಿದ್ದಾರೆ. ಅವರು ಬೇಡ ಎಂದರೆ ಬೇಡ, ಅಷ್ಟೇ. ಒಪ್ಪಿದರೆ ಮೂರು ವಿಷಯ ಕೇಳಿಕೊಳ್ಳಿ: ಯಾವ ಫೋಟೋ ಹಾಕಬಹುದು, ಕಾಯಿಲೆಯ ವಿಷಯ ಬಹಿರಂಗವಾಗಿ ಹೇಳಬಹುದೇ, ಅವರ ಪೈಕಿ ಯಾರಾದರೂ ಏನಾದರೂ ಮಾಡಲು ಬಯಸುತ್ತಾರೆಯೇ. ತಾಯಿಯನ್ನೋ ಹೆಂಡತಿಯನ್ನೋ ಒತ್ತಾಯದಿಂದ ವೇದಿಕೆಗೆ ಹತ್ತಿಸಿ ಮಾತಾಡಿಸುವುದು ಬೇಡ. ನಮ್ಮಲ್ಲಿ ಮಗನೇ ಕೇಳಿದ, ‘ಗೆರೆ ನಾನು ಹಾಕ್ಲಾ?’ ಅಂತ. ಈಗ ಪ್ರತಿ ವರ್ಷ ಬೆಳಗ್ಗೆ ಆರಕ್ಕೆ ಅದೇ ಡಬ್ಬಿ ಹಿಡಿದು ಅವನೇ ಗೆರೆ ಎಳೆಯುತ್ತಾನೆ. ಉದ್ಘಾಟನೆ ಎಂದರೆ ನಮಗೆ ಅದೇ.

ದಿನಾಂಕವನ್ನು ತೀರಿಕೊಂಡ ದಿನಕ್ಕೇ ಕಟ್ಟಿಹಾಕಬೇಕಾಗಿಲ್ಲ. ಮನೆಯಲ್ಲಿ ಶ್ರಾದ್ಧ ತಿಥಿಯ ಪ್ರಕಾರ ಬರುತ್ತದೆ, ಆ ದಿನ ಮನೆಯವರಿಗೆ ಬಿಡುವೂ ಇರುವುದಿಲ್ಲ. ಹುಟ್ಟುಹಬ್ಬದ ಹತ್ತಿರದ ಭಾನುವಾರ ಒಳ್ಳೆಯದು. ಊರಿನ ಜಾತ್ರೆ, ನೇಮ, ಯಕ್ಷಗಾನ ಬಯಲಾಟ, ಎಸ್ಸೆಸ್ಸೆಲ್ಸಿ–ಪಿಯುಸಿ ಪರೀಕ್ಷೆ ಇವನ್ನೆಲ್ಲ ನೋಡಿಕೊಂಡರೆ ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ನಾಲ್ಕೈದು ಭಾನುವಾರ ಸಿಗುತ್ತವೆ. ಮೂರು ತಿಂಗಳ ತಯಾರಿ ಸಾಕು.

ಹಣ ಎಲ್ಲಿಗೆ ಹೋಗಬೇಕು

ಇದು ಇಡೀ ದಿನದ ಜೀವ. ‘ಬಡವರಿಗೆ ಸಹಾಯ’ ಎಂದು ಕರಪತ್ರದಲ್ಲಿ ಹಾಕಿದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಹೋದವರ ಬದುಕಿನೊಳಗೇ ಹುಡುಕಿ: ಅವರು ಯಾವುದಕ್ಕೆ ಪರದಾಡಿದರು, ಯಾವುದನ್ನು ಪ್ರೀತಿಸಿದರು?

ನಮ್ಮ ಅಣ್ಣನದನ್ನೇ ತೆಗೆದುಕೊಳ್ಳಿ. ಡಯಾಲಿಸಿಸ್‌ಗೆ ಅವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಬಡ ಕುಟುಂಬದವರಿಗೆ ಅದು ಉಚಿತ. ಮನೆಯನ್ನು ಸೋಲಿಸಿದ್ದು ಆಟೋ ಬಾಡಿಗೆ. ಸುಮಾರು ನಾಲ್ಕು ತಾಸು ಯಂತ್ರಕ್ಕೆ ಒಡ್ಡಿಕೊಂಡು ಹೊರಬಂದ ಮನುಷ್ಯ ಬಸ್ಸಿನಲ್ಲಿ ನಿಂತು ಬರಲಾರ. ಹೋಗಿಬರಲು ₹400 ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ, ವರ್ಷಕ್ಕೆ 104 ಸಲ, ಒಟ್ಟು ₹41,600. ಕೂಲಿ ನಿಂತುಹೋದ ಮನೆಗೆ ಇದು ದೊಡ್ಡ ಹಣ, ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಎರಡನೆಯ ವರ್ಷದಿಂದ ನಮ್ಮ ಕರಪತ್ರದಲ್ಲಿ ಒಂದೇ ಸಾಲು: ‘ಈ ಪಂದ್ಯಾಟದ ಉಳಿಕೆ ಹಣ ಡಯಾಲಿಸಿಸ್‌ಗೆ ಹೋಗುವವರ ಆಟೋ ಬಾಡಿಗೆಗೆ.’ ಆ ಸಾಲು ಓದಿದವರು ನೂರು ಕೊಡುವಲ್ಲಿ ನಾನೂರು ಕೊಟ್ಟರು. ‘ಒಂದು ಸಲದ್ದು ನನ್ನ ಲೆಕ್ಕಕ್ಕೆ ಬರೆಯಿರಿ’ ಎಂದು ಕೇಳಿಕೊಂಡವರಿದ್ದಾರೆ. ನಾವು ಹಣವನ್ನು ರೋಗಿಯ ಕೈಗೆ ಕೊಡುವುದಿಲ್ಲ. ತಿಂಗಳ ಕೊನೆಗೆ ಆಟೋದವರಿಗೇ ಕೊಟ್ಟು ಸಹಿ ಪಡೆಯುತ್ತೇವೆ.

ಸರ್ಕಾರದ ಯೋಜನೆ ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಂದ ಸಣ್ಣ ಕ್ಲಬ್ಬಿನ ಕೆಲಸ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಸ್ತ್ರಚಿಕಿತ್ಸೆಗೆ ನೆರವು ಕೇಳಿ ಯಾರಾದರೂ ಬಂದರೆ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅದು ಬರುತ್ತದೆಯೇ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ₹1.5 ಲಕ್ಷದ ಮಿತಿಯಲ್ಲಿ. ಎಷ್ಟೋ ಮನೆಗಳಿಗೆ ಹಣಕ್ಕಿಂತ ಮೊದಲು ಕಾಗದಪತ್ರ ಹಿಡಿದುಕೊಂಡು ಜೊತೆಗೆ ಬರುವ ಒಬ್ಬ ಹುಡುಗ ಬೇಕಾಗಿರುತ್ತಾನೆ. ಆಸ್ಪತ್ರೆಗೆ ನೆರವು ಕೊಡುವುದೇ ಆದರೆ ಅಂದಾಜು ವೆಚ್ಚದ ಪತ್ರ ಕೇಳಿ, ಆಸ್ಪತ್ರೆಯ ಖಾತೆಗೇ ಕಟ್ಟಿ.

ಹೋದವರು ಮೇಷ್ಟ್ರಾಗಿದ್ದರೆ, ಇಲ್ಲವೇ ಓದಬೇಕಿದ್ದ ಹುಡುಗಿಯಾಗಿದ್ದರೆ, ಠೇವಣಿ ದಾರಿ ಇದೆ. ಒಂದು ಲಕ್ಷ ರೂಪಾಯಿ ಠೇವಣಿಗೆ ಶೇ. 6.5 ಬಡ್ಡಿ ಎಂದರೆ ವರ್ಷಕ್ಕೆ ₹6,500. ಇಬ್ಬರು ಮಕ್ಕಳ ಪುಸ್ತಕ, ಸಮವಸ್ತ್ರ, ಶೂಗಳಿಗೆ ಅದು ಒದಗುತ್ತದೆ, ಅಸಲು ಹಾಗೇ ಇರುತ್ತದೆ. ಪಂದ್ಯಾಟ ನಿಂತುಹೋದರೂ ಆ ಹೆಸರಿನ ವಿದ್ಯಾರ್ಥಿವೇತನ ನಡೆಯುತ್ತಿರುತ್ತದೆ.

ಹಣ ಸಂಗ್ರಹಿಸುವಾಗ

ಒಂದು ಮಾತು ಖಡಾಖಂಡಿತ: ಯಾರೊಬ್ಬರ ಸ್ವಂತ ಖಾತೆಗೂ, ಸ್ವಂತ ಫೋನ್‌ಪೇಗೂ ಹಣ ಹಾಕಿಸಬೇಡಿ. ನಂಬಿಕೆಯ ಪ್ರಶ್ನೆ ಒಂದು ಕಡೆ. ಇನ್ನೊಂದು, ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ₹50,000 ಮೀರಿ ಬಂದ ಹಣವನ್ನು ಆದಾಯ ತೆರಿಗೆಯವರು ಆ ವ್ಯಕ್ತಿಯ ಆದಾಯ ಎಂದೇ ಲೆಕ್ಕ ಹಾಕುತ್ತಾರೆ. ಕ್ಲಬ್ ನೋಂದಣಿಯಾಗಿರದಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಜನ ಸೇರಿ ಮಾಡಿಸಿಕೊಳ್ಳಬಹುದು. ಆಮೇಲೆ ಕ್ಲಬ್ಬಿನ ಹೆಸರಿನಲ್ಲಿ ಖಾತೆ, ಇಬ್ಬರ ಜಂಟಿ ಸಹಿ, ಖಾತೆಗೇ ಜೋಡಿಸಿದ ಕ್ಯೂಆರ್ ಕೋಡ್. ಅಷ್ಟು ಸಮಯವಿಲ್ಲದಿದ್ದರೆ ಊರಿನ ನೋಂದಾಯಿತ ಯುವಕ ಮಂಡಲದ ಜೊತೆ ಸೇರಿ ಮಾಡಿ.

ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ, ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂದು ಬರೆದಿಡಿ, ಮುಗಿದ ಮೇಲೆ ಖಾಲಿ ಹಾಳೆಗಳ ಸಮೇತ ವಾಪಸ್ ಪಡೆಯಿರಿ. ದಾನಿಗಳು ತೆರಿಗೆ ರಿಯಾಯಿತಿ ಕೇಳಿದರೆ ನಿಮ್ಮ ಸಂಸ್ಥೆಗೆ 80ಜಿ ಮಾನ್ಯತೆ ಇದೆಯೋ ಇಲ್ಲವೋ ನೇರವಾಗಿ ಹೇಳಿ. ಇದ್ದರೂ ₹2,000ಕ್ಕಿಂತ ಹೆಚ್ಚು ನಗದು ಕೊಟ್ಟವರಿಗೆ ಅದು ಸಿಗದು. ನಮ್ಮ ಕಡೆ ಪ್ರತಿ ಊರಿನಿಂದಲೂ ದುಬೈ, ಮಸ್ಕತ್, ಅಮೆರಿಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಕಳಿಸುವ ತಮ್ಮ ದುಡಿಮೆಯ ಹಣಕ್ಕೆ ತೊಂದರೆಯಿಲ್ಲ. ಆದರೆ ಅಲ್ಲಿನ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ ಸರಿ, ಕಾನೂನಿನ ಕಣ್ಣಿಗೆ ವಿದೇಶಿಯರೇ. ಅವರಿಂದ ವಂತಿಗೆ ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಬಾಲ್ಯದ ಗೆಳೆಯನಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಅವನು ಊರಿಗೆ ಬಂದು ಆಡಲಿ, ಚೆಂಡು ಹೆಕ್ಕಲಿ.

ಲಕ್ಕಿ ಡಿಪ್ ಕೂಪನ್ ಮಾರೋಣ ಎಂಬ ಸಲಹೆ ಬಂದೇ ಬರುತ್ತದೆ. ಬೇಡ. ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷೇಧವಾಗಿದೆ. ಅನುಮತಿಯಿಲ್ಲದ ಡ್ರಾ ಅಪರಾಧವಾಗುತ್ತದೆ. ಅದರ ಬದಲು ಸ್ವಸಹಾಯ ಸಂಘದ ಅಕ್ಕಂದಿರಿಗೆ ಒಂದು ಚಪ್ಪರ ಕೊಡಿ. ಗೋಳಿಬಜೆ, ಬನ್ಸ್, ಚರುಮುರಿ, ಮಜ್ಜಿಗೆ. ಖರ್ಚು ಕಳೆದು ಉಳಿದದ್ದು ನಿಧಿಗೆ. ನಮ್ಮಲ್ಲಿ ಪ್ರವೇಶ ಶುಲ್ಕಕ್ಕಿಂತ ಹೆಚ್ಚು ಹಣ ಬಂದದ್ದು ಈ ಚಪ್ಪರದಿಂದಲೇ.

ಆಟದ ಲೆಕ್ಕ

ಹದಿನಾರು ತಂಡಗಳ ನಾಕೌಟ್ ಎಂದರೆ ಹದಿನೈದು ಪಂದ್ಯ. ಎಂಟು ತಂಡ ಹೊರಗೆ ಹೋಗುವುದು ಮೊದಲ ಪಂದ್ಯಕ್ಕೇ. ದೂರದಿಂದ ಟೆಂಪೋ ಮಾಡಿಕೊಂಡು ಬಂದ ಹುಡುಗರು ಅರ್ಧ ಗಂಟೆಯಲ್ಲಿ ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ. ಎಂಟೇ ತಂಡ ಕರೆದು, ನಾಲ್ಕು ನಾಲ್ಕರ ಎರಡು ಗುಂಪು ಮಾಡಿ ನೋಡಿ. ಗುಂಪಿಗೆ ಆರರಂತೆ ಹನ್ನೆರಡು ಲೀಗ್ ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್. ಆಗಲೂ ಹದಿನೈದೇ. ಆದರೆ ಪ್ರತಿ ತಂಡವೂ ಕನಿಷ್ಠ ಮೂರು ಪಂದ್ಯ ಆಡುತ್ತದೆ, ಇಡೀ ದಿನ ನಿಲ್ಲುತ್ತದೆ, ಮಧ್ಯಾಹ್ನ ಒಟ್ಟಿಗೆ ಕೂತು ಗಂಜಿ ಉಣ್ಣುತ್ತದೆ. ಸ್ಮರಣೆಯ ದಿನಕ್ಕೆ ಇದೇ ತಕ್ಕದ್ದು.

ಪೂರ್ಣ ಕಬಡ್ಡಿ ಪಂದ್ಯ 20 ನಿಮಿಷಗಳ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಅದರಂತೆ ನಡೆಸಿದರೆ, ತಂಡ ಬದಲಾಗುವ ಸಮಯ ಸೇರಿ, ಹದಿನೈದು ಪಂದ್ಯಕ್ಕೆ ಹನ್ನೆರಡು ತಾಸು ಮೀರುತ್ತದೆ. ಹತ್ತು ಹತ್ತು ನಿಮಿಷಕ್ಕೆ ಇಳಿಸಿದರೆ, ಆ ಸಮಯವೂ ಸೇರಿ ಪಂದ್ಯಕ್ಕೆ ಅರ್ಧ ಗಂಟೆ, ಒಟ್ಟು ಏಳೂವರೆ ತಾಸು. ಬೆಳಗ್ಗೆ ಎಂಟೂವರೆಗೆ ಶುರು ಮಾಡಿದರೆ ಊಟ, ಸಭೆ ಸೇರಿಯೂ ಸಂಜೆ ಆರಕ್ಕೆ ಮುಗಿಯುತ್ತದೆ. ಹೊನಲು ಬೆಳಕಿನ ಖರ್ಚು ಉಳಿಯಿತು. ರಾತ್ರಿ ಮಾಡುವುದಾದರೂ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಿನಲ್ಲಿ ಹಾಕಲೂ ಪೊಲೀಸ್ ಠಾಣೆಯ ಲಿಖಿತ ಅನುಮತಿ ಬೇಕು.

ನಗದು ಬಹುಮಾನ ಎಷ್ಟಿಡಬೇಕು ಎಂದು ಕೇಳುತ್ತಾರೆ. ಇಡಬೇಡಿ ಎಂದೇ ನಾನು ಹೇಳುತ್ತೇನೆ. ಒಂದು ಪರ್ಯಾಯ ಪಾರಿತೋಷಕ ಮಾಡಿಸಿ, ಗೆದ್ದ ತಂಡದ ಹೆಸರು ವರ್ಷ ವರ್ಷ ಅದರ ಮೇಲೆ ಕೆತ್ತಲಿ. ನಗದು ಇಲ್ಲದಿದ್ದರೆ ಹೊರಗಿನ ದೊಡ್ಡ ತಂಡಗಳು ಬರುವುದಿಲ್ಲ, ನಿಜ. ಬರುವವರು ಹೋದವರನ್ನು ಬಲ್ಲವರು, ಅಥವಾ ಉದ್ದೇಶ ಕೇಳಿ ಬಂದವರು. ಕೆನಡಾದ ಟೆರ್ರಿ ಫಾಕ್ಸ್ ನೆನಪಾಗುತ್ತಾನೆ. ಮೂಳೆ ಕ್ಯಾನ್ಸರಿನಿಂದ ಕಾಲು ಕಳೆದುಕೊಂಡ ಆ ಬಾಸ್ಕೆಟ್‌ಬಾಲ್ ಆಟಗಾರ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿ ಸಂಶೋಧನೆಗೆ ಹಣ ಕೂಡಿಸಿದ. ಮರುವರ್ಷ 22 ವರ್ಷಕ್ಕೇ ತೀರಿಕೊಂಡ. ಅವನ ಹೆಸರಿನ ಓಟದಲ್ಲಿ ಗೆದ್ದವರೆಂದು ಯಾರೂ ಇಲ್ಲ, ಬಹುಮಾನವೂ ಇಲ್ಲ. 1981ರಿಂದ ಅದು ನಡೆದುಬಂದಿದೆ.

ಹೆಂಗಸರಿಗೆ ಥ್ರೋಬಾಲ್, ಮಕ್ಕಳಿಗೆ ಓಟ, ಹಿರಿಯರಿಗೆ ಹಗ್ಗಜಗ್ಗಾಟ ಸೇರಿಸಿದರೆ ಇಡೀ ಊರು ಬರುತ್ತದೆ. ಹೋದವರ ಜೊತೆ ಆಡಿದ ಹಳೆಯ ತಂಡ ಊರಿನ ಈಗಿನ ಹುಡುಗರ ಎದುರು ಹತ್ತು ನಿಮಿಷ ಆಡಲಿ. ನಮ್ಮಲ್ಲಿ ಆ ಪಂದ್ಯಕ್ಕೆ ಹಳಬರು ಆರೇ ಜನ ಇಳಿಯುತ್ತಾರೆ. ಎಡ ಮೂಲೆ ಖಾಲಿ ಇರುತ್ತದೆ. ವೀಕ್ಷಕ ವಿವರಣೆಯವರು ಆಗ ಸುಮ್ಮನಿರುತ್ತಾರೆ.

ಆರೋಗ್ಯದ ಮೇಜು

ರಕ್ತದಾನ ಶಿಬಿರದ ಮಾತು ಎಲ್ಲ ಸಮಿತಿಗಳಲ್ಲೂ ಬರುತ್ತದೆ. ಒಳ್ಳೆಯದೇ. ಆದರೆ ರಕ್ತ ಕೊಟ್ಟವರು ಅದೇ ದಿನ ಅಂಕಣಕ್ಕಿಳಿಯಬಾರದು. ಕನಿಷ್ಠ ಒಂದು ದಿನ ಶ್ರಮದ ಆಟ ಬೇಡ. ಆದ್ದರಿಂದ ಶಿಬಿರವನ್ನು ಹಿಂದಿನ ಭಾನುವಾರ ಇಟ್ಟುಕೊಳ್ಳಿ, ಇಲ್ಲವೇ ಆಡದವರಿಗೆ ಮಾತ್ರ ಎಂದು ಮೊದಲೇ ಹೇಳಿಬಿಡಿ. ಪರವಾನಗಿ ಇರುವ ರಕ್ತ ಕೇಂದ್ರಕ್ಕೆ ಮೂರು ವಾರ ಮೊದಲು ಪತ್ರ ಕೊಡಿ. ಗಾಳಿ ಬೆಳಕಿರುವ ಶಾಲೆಯ ಕೋಣೆ, ನೀರು, ಶೌಚಾಲಯ ಬೇಕು. 18 ದಾಟಿರಬೇಕು, ತೂಕ 45 ಕೆ.ಜಿ.ಗಿಂತ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು, ಹಿಂದೆ ಕೊಟ್ಟು ಗಂಡಸರಿಗೆ 90, ಹೆಂಗಸರಿಗೆ 120 ದಿನ ಕಳೆದಿರಬೇಕು. ರಕ್ತ ಕೊಟ್ಟವರಿಗೆ ಹಣ ಕೊಡುವಂತಿಲ್ಲ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1998ರಿಂದ ರಕ್ತದ ಮಾರಾಟ ದೇಶದಲ್ಲಿ ನಿಂತಿದೆ. ಹಣ್ಣು, ಬಿಸ್ಕತ್ತು, ಪ್ರಮಾಣಪತ್ರ ಸಾಕು.

ನಾವು ಆರಿಸಿಕೊಂಡದ್ದು ಇನ್ನೂ ಸರಳ: ಬಿಪಿ ಮತ್ತು ಸಕ್ಕರೆ ಪರೀಕ್ಷೆ. ಮೂತ್ರಪಿಂಡ ಹಾಳಾಗಲು ಮುಖ್ಯ ಕಾರಣ ಈ ಎರಡೇ, ಮತ್ತು ಇವೆರಡೂ ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪತ್ರ ಕೊಟ್ಟು ಸಿಬ್ಬಂದಿಯನ್ನು ಕರೆಯಿಸಿ, ಮೇಜನ್ನು ಚಹಾದ ಚಪ್ಪರದ ಪಕ್ಕದಲ್ಲೇ ಹಾಕಿ. ಆಸ್ಪತ್ರೆಯ ಮೆಟ್ಟಿಲು ಹತ್ತದ ಗಂಡಸರು ಪಂದ್ಯದ ನಡುವೆ ತೋಳು ಚಾಚುತ್ತಾರೆ. ಅಂಗಾಂಗ ದಾನಕ್ಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಇದೆ. ಪ್ರತಿಜ್ಞೆ ಮಾಡುವವರು ಮನೆಗೆ ಹೋಗಿ ಹೇಳಬೇಕು, ಏಕೆಂದರೆ ಸಾವಿನ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಮನೆಯವರು ಒಪ್ಪಿದ್ದರಿಂದಲೇ ಆ ಕಣ್ಣುಗಳಿಂದ ನಾಲ್ವರಿಗೆ ಬೆಳಕು ಬಂತು.

ಮೈದಾನದಲ್ಲಿ ಐಸ್, ಬ್ಯಾಂಡೇಜ್, ಸ್ಟ್ರೆಚರ್ ಇರಲಿ. 108 ಆಂಬುಲೆನ್ಸ್ ಒಳಬರುವ ದಾರಿಗೆ ಬೈಕ್ ನಿಲ್ಲಿಸಲು ಬಿಡಬೇಡಿ. ನಾಲ್ಕು ಹುಡುಗರಿಗಾದರೂ ಸಿಪಿಆರ್ ಕಲಿಸಿರಿ: ಎದೆಯ ನಡುವೆ, ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಅಡಿಕೆ ಮರದ ತಾತ್ಕಾಲಿಕ ಗ್ಯಾಲರಿ ಕಟ್ಟಬೇಡಿ, ನೆಲದಲ್ಲಿ ಚಾಪೆ ಹಾಸಿ. ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷೇಧ. ಬಟ್ಟೆಯ ಮೇಲೆ ಬರೆಸಿ, ಮುಂದಿನ ವರ್ಷಕ್ಕೂ ಆಗುತ್ತದೆ. ಕುಡಿದು ಬಂದವರಿಗೆ, ಬೆಟ್ಟಿಂಗ್ ಕಟ್ಟುವವರಿಗೆ ಜಾಗವಿಲ್ಲ ಎಂದು ಮೈಕಿನಲ್ಲೇ ಹೇಳಿ.

ಸಭೆ ಅರ್ಧ ಗಂಟೆ ಮೀರದಿರಲಿ. ಅತಿಥಿಗಳ ಸಾಲು ಉದ್ದವಾದಷ್ಟೂ ಹೋದವರ ಹೆಸರು ಹಿಂದೆ ಸರಿಯುತ್ತದೆ. ಒಟ್ಟಿಗೆ ಆಡಿದ ಒಬ್ಬರು ಐದು ನಿಮಿಷ ಮಾತಾಡಲಿ. ವೇದಿಕೆಯ ಪಕ್ಕದಲ್ಲೊಂದು ದಪ್ಪ ನೋಟ್‌ಬುಕ್, ಪೆನ್ನು ಇಡಿ. ನೆನಪಾದದ್ದನ್ನು ಬಂದವರು ಬರೆಯಲಿ. ಆ ಪುಸ್ತಕ ಸಂಜೆ ಮನೆಗೆ ಹೋಗಬೇಕು. ಅತ್ತಿಗೆಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಅದರಲ್ಲಿದ್ದವು: ಸೋತ ತಂಡದ ಹುಡುಗನಿಗೆ ಅಣ್ಣ ಬಸ್ಸಿನ ಹಣ ಕೊಟ್ಟದ್ದು, ತಪ್ಪು ತೀರ್ಪು ಕೊಟ್ಟೆ ಎಂದು ಮರುದಿನ ಸೈಕಲ್ ತುಳಿದು ಹೋಗಿ ಕ್ಷಮೆ ಕೇಳಿದ್ದು.

ಹದಿನೈದು ದಿನದೊಳಗೆ ಲೆಕ್ಕ ಹೊರಗೆ ಬರಬೇಕು. ಬಂದದ್ದು, ಹೋದದ್ದು, ಉಳಿದದ್ದು, ಒಂದೇ ಹಾಳೆಯಲ್ಲಿ, ದಾನಿಗಳ ಹೆಸರು ಸಮೇತ. ನಾವು ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸುತ್ತೇವೆ. ಬೆಳಗ್ಗೆ ಹಾಲು ಹಾಕಲು ಬರುವವರೆಲ್ಲ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಕೇಳಲಿ.

ಮೊದಲ ವರ್ಷ ಐವತ್ತು ಕೈ ಇರುತ್ತವೆ, ಮೂರನೆಯ ವರ್ಷಕ್ಕೆ ಹತ್ತು. ಹಾಗಾಗಿ ಶುರುವಿನಲ್ಲೇ ಮೂರು ವರ್ಷಕ್ಕೆ ಎಂದು ನಿರ್ಧರಿಸಿ, ಆಮೇಲೆ ಮನೆಯವರ ಜೊತೆ ಕೂತು ಮುಂದುವರಿಸುವುದೋ ಠೇವಣಿ ಇಟ್ಟು ನಿಲ್ಲಿಸುವುದೋ ನೋಡಿ. ನಿಲ್ಲಿಸುವುದರಲ್ಲಿ ಅವಮಾನವಿಲ್ಲ.

ನಿಮ್ಮ ಕ್ಲಬ್ಬಿನಲ್ಲೂ ಯಾರದೋ ಜಾಗ ಖಾಲಿಯಾಗಿದ್ದರೆ ಈ ವಾರವೇ ಆ ಮನೆಗೆ ಹೋಗಿ ಬನ್ನಿ. ಅಲ್ಲಿಂದ ಬಂದ ಮೇಲೆ ಒಂದು ಬೆಳಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದ ಹೊರಗಿನ ಬೆಂಚಿನಲ್ಲಿ ಕೂತು, ಬಂದವರನ್ನು ಯಾವ ಊರಿನಿಂದ ಬಂದಿರಿ, ಹೇಗೆ ಬಂದಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿ.